ಸೋಯಾ ಅವರೆಯ ಇಳುವರಿ ಗಿಡದ ಯಾವ ಗುಣದಲ್ಲಿದೆ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಬಾರಿ ಕೊಡಗಿನಿಂದ ಬಂದ ಪತ್ರಗಳಲ್ಲಿ ಹಲವು ಸೋಯಾ ಅವರೆಯ ಕುರಿತಾಗಿವೆ. ಜಿಲ್ಲೆಯ ಹೆಸರು ಕೇಳಿದೊಡನೆ ಕಾಫಿ, ಕಾಳುಮೆಣಸು, ಭತ್ತ ನೆನಪಾಗುವುದು ಸಹಜ. ಆದರೆ ಮಳೆ ಕಡಿಮೆಯಿರುವ ಪೂರ್ವದ ಅಂಚಿನಲ್ಲಿ, ಕುಶಾಲನಗರ ಮತ್ತು ಸೋಮವಾರಪೇಟೆ ಕಡೆಯ ಹೊಲಗಳಲ್ಲಿ, ಮುಸುಕಿನ ಜೋಳದ ಜೊತೆಗೆ ಬೇರೊಂದು ಬೆಳೆಯನ್ನು ನೋಡೋಣವೆನ್ನುವ ರೈತರೂ ಇದ್ದಾರೆ. ಎಲ್ಲ ಪತ್ರಗಳ ಒಳಗಿರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಅವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ: ಗಿಡದ ಯಾವ ಗುಣವನ್ನು ನೋಡಿ ಇಳುವರಿಯನ್ನು ಅಂದಾಜು ಮಾಡಬಹುದು, ಯಾವುದನ್ನು ನೋಡಿ ಆರಿಸಬಹುದು?

ಪ್ರಶ್ನೆ: ಮುಸುಕಿನ ಜೋಳದ ಹೊಲದಲ್ಲಿ ಕೆಲವು ಮುಂಗಾರುಗಳಿಂದ ಜೆಎಸ್ 335 ಸೋಯಾ ಅವರೆ ಬೆಳೆಯುತ್ತಿದ್ದೇನೆ. ಕೊಯ್ಲಿಗೆ ಮೊದಲು ಹೊಲವೆಲ್ಲ ಸುತ್ತಿ, ಅತಿ ಹೆಚ್ಚು ಕಾಯಿ ಕಚ್ಚಿದ ಗಿಡಗಳನ್ನು ಆರಿಸಿ ಅವುಗಳ ಕಾಳನ್ನೇ ಮರುವರ್ಷದ ಬಿತ್ತನೆಗೆ ಇಡುತ್ತೇನೆ. ನೂರಕ್ಕೂ ಮೀರಿ ಕಾಯಿ ಹಿಡಿದ ಗಿಡಗಳು ಸಿಕ್ಕಿವೆ. ಆದರೂ ಇಳುವರಿ ಏರಿಲ್ಲ. ಕಾಯಿಯ ಸಂಖ್ಯೆಯೇ ಇಳುವರಿಗೆ ಮೂಲವೆಂದು ಓದಿದ್ದೆ. ಅದು ನಿಜವಲ್ಲವೇ? – ರೈತರೊಬ್ಬರು, ಶನಿವಾರಸಂತೆ

ಉತ್ತರ: ನೀವು ಓದಿದ್ದು ನಿಜ. ಸೋಯಾ ಅವರೆಯ ಮೇಲೆ ನಡೆದ ಅಧ್ಯಯನಗಳಲ್ಲಿ ಇಳುವರಿಯೊಂದಿಗೆ ಮತ್ತೆ ಮತ್ತೆ ಗಟ್ಟಿಯಾದ ಸಂಬಂಧ ತೋರಿರುವ ಗುಣಗಳಲ್ಲಿ ಗಿಡವೊಂದರ ಕಾಯಿಗಳ ಸಂಖ್ಯೆ ಮುಖ್ಯವಾದುದು. ತೊಡಕಿರುವುದು ಆ ಗುಣವನ್ನು ನೀವು ಯಾವ ಗಿಡಗಳ ನಡುವೆ ಹುಡುಕುತ್ತಿದ್ದೀರಿ ಎಂಬಲ್ಲಿ.

ಸೋಯಾ ಅವರೆಯ ಹೂವು ಅರಳುವುದಕ್ಕೆ ಮೊದಲೇ, ಮೊಗ್ಗಿನೊಳಗೇ, ತನ್ನದೇ ಪರಾಗದಿಂದ ಫಲಗೊಳ್ಳುತ್ತದೆ. ಹೊರಗಿನ ಪರಾಗ ಬೆರೆಯುವ ಪ್ರಮಾಣ ಸಾಮಾನ್ಯವಾಗಿ ಶೇಕಡಾ 1ಕ್ಕಿಂತ ಕಡಿಮೆ. ಮಧ್ಯಪ್ರದೇಶದಲ್ಲಿ ಅಭಿವೃದ್ಧಿಯಾಗಿ 1994ರಲ್ಲಿ ಬಿಡುಗಡೆಯಾದ ಜೆಎಸ್ 335 ಅಂತಹ ಸ್ವಕೀಯ ಪರಾಗಸ್ಪರ್ಶದಿಂದ ಹಲವು ತಲೆಮಾರು ಸಾಗಿ ಬಂದ ಶುದ್ಧ ತಳಿ. ಬೆರಕೆಯಿಲ್ಲದ ಬೀಜವಾಗಿದ್ದರೆ ನಿಮ್ಮ ಹೊಲದ ಗಿಡಗಳೆಲ್ಲವೂ ಅನುವಂಶಿಕವಾಗಿ ಒಂದೇ ಎನ್ನಬಹುದು. ನೂರು ಕಾಯಿಯ ಗಿಡದಲ್ಲಿಯೂ ಅದರ ಪಕ್ಕದ ಇಪ್ಪತ್ತೈದು ಕಾಯಿಯ ಗಿಡದಲ್ಲಿಯೂ ಇರುವ ವಂಶವಾಹಿಗಳು ಅವೇ. ಡೆನ್ಮಾರ್ಕಿನ ವಿಜ್ಞಾನಿ ವಿಲ್ಹೆಲ್ಮ್ ಯೋಹಾನ್ಸನ್ ಇದನ್ನು 1903ರಷ್ಟು ಹಿಂದೆಯೇ ಬೀನ್ಸ್ ಬೆಳೆಯಲ್ಲಿ ತೋರಿಸಿದ್ದರು. ಒಂದೇ ಗಿಡದಿಂದ ಬಂದ ಸಂತತಿಯೊಳಗೆ ದಪ್ಪ ಕಾಳುಗಳನ್ನೂ ಸಣ್ಣ ಕಾಳುಗಳನ್ನೂ ಬೇರೆ ಬೇರೆಯಾಗಿ ಆರಿಸಿ ಬಿತ್ತಿದಾಗ, ಎರಡೂ ಗುಂಪಿನ ಮುಂದಿನ ಪೀಳಿಗೆಯ ಕಾಳು ಸರಾಸರಿಯಲ್ಲಿ ಒಂದೇ ತೂಕಕ್ಕೆ ಬಂದು ನಿಂತಿತು. ಬೇರೆ ಬೇರೆ ಗಿಡಗಳಿಂದ ಬಂದ ಸಂತತಿಗಳ ನಡುವಿನ ವ್ಯತ್ಯಾಸ ಮಾತ್ರ ಪೀಳಿಗೆಯಿಂದ ಪೀಳಿಗೆಗೆ ಉಳಿಯಿತು. ನಿಮ್ಮ ಹೊಲದಲ್ಲಿ ನಡೆಯುತ್ತಿರುವುದೂ ಅದೇ.

ಹಾಗಾದರೆ ಆ ಗಿಡಕ್ಕೆ ನೂರು ಕಾಯಿ ಎಲ್ಲಿಂದ ಬಂತು? ಮುಂದಿನ ಬಾರಿ ಅಂತಹ ಗಿಡ ಕಂಡಾಗ ಅದನ್ನು ಕೀಳುವ ಮೊದಲು ಸುತ್ತಲಿನ ನೆಲವನ್ನು ನೋಡಿ. ಬಹುಪಾಲು ಅದು ಬದುವಿನ ಅಂಚಿನಲ್ಲಿರುತ್ತದೆ, ಇಲ್ಲವೇ ಪಕ್ಕದ ಎರಡು ಮೂರು ಬೀಜ ಮೊಳೆಯದೆ ಸಾಲಿನಲ್ಲಿ ತೆರಪು ಬಿದ್ದ ಜಾಗದಲ್ಲಿರುತ್ತದೆ. ಸೋಯಾ ಅವರೆಗೆ ಜಾಗ ಸಿಕ್ಕರೆ ಬುಡದ ಗೆಣ್ಣುಗಳಿಂದಲೇ ಕವಲೊಡೆದು ಹರಡಿಕೊಳ್ಳುವ ಶಕ್ತಿ ಬಹಳವಿದೆ. ದಟ್ಟವಾಗಿ ನಿಂತ ಗಿಡ ಕವಲೊಡೆಯದೆ ನೇರವಾಗಿ ಮೇಲೇರುತ್ತದೆ. ಆ ನೂರು ಕಾಯಿಗಳಲ್ಲಿ ಅರ್ಧಕ್ಕೂ ಹೆಚ್ಚು ಸತ್ತ ನೆರೆಗಿಡಗಳ ಪಾಲಿನ ಬೆಳಕು, ನೀರು, ಗೊಬ್ಬರದಿಂದ ಬಂದವು. ಅವು ಬೀಜದೊಳಗೆ ಕುಳಿತು ಮುಂದಿನ ವರ್ಷಕ್ಕೆ ಬರುವುದಿಲ್ಲ.

ಇಳುವರಿಯ ಲೆಕ್ಕವನ್ನು ಗಿಡಕ್ಕೆ ಬದಲಾಗಿ ಎಕರೆಗೆ ಹಾಕುವುದು ಮೇಲು. ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 10 ಸೆಂಟಿಮೀಟರ್ ಅಂತರವಿದ್ದರೆ ಎಕರೆಯಲ್ಲಿ ಸುಮಾರು 1,35,000 ಗಿಡ ಹಿಡಿಯುತ್ತದೆ. ಮೊಳೆಯದ್ದು, ಕೊಳೆತದ್ದು, ಹುಳು ತಿಂದದ್ದು ಕಳೆದು 1,00,000 ಗಿಡ ಕೊಯ್ಲಿಗೆ ಉಳಿದವೆನ್ನೋಣ. ಗಿಡಕ್ಕೆ 30 ಕಾಯಿ, ಕಾಯಿಗೆ 2 ಕಾಳು, ನೂರು ಕಾಳಿಗೆ 12 ಗ್ರಾಂ ತೂಕವಾದರೆ ಗಿಡಕ್ಕೆ 7.2 ಗ್ರಾಂ, ಎಕರೆಗೆ 7.2 ಕ್ವಿಂಟಾಲ್. ಪ್ರತಿ ಗಿಡದಲ್ಲಿ ಒಂದೇ ಒಂದು ಕಾಯಿ ಹೆಚ್ಚಾದರೆ ಎಕರೆಗೆ 24 ಕಿಲೋ ಸೇರುತ್ತದೆ. ಆದರೆ ಆ ಒಂದು ಕಾಯಿಗಾಗಿ ಅಂತರ ಹೆಚ್ಚಿಸಿ ನಾಲ್ಕರಲ್ಲಿ ಒಂದು ಭಾಗ ಗಿಡವನ್ನು ಕಳೆದುಕೊಂಡರೆ 180 ಕಿಲೋ ಕೈಬಿಡುತ್ತದೆ. ಅದನ್ನು ತುಂಬಲು ಉಳಿದ ಪ್ರತಿಯೊಂದು ಗಿಡವೂ 40 ಕಾಯಿ ಹೊರಬೇಕು.

ಆದ್ದರಿಂದ ಬಿತ್ತನೆ ಬೀಜಕ್ಕಾಗಿ ಅತಿಯಾಗಿ ಹರಡಿದ ಗಿಡವನ್ನು ಹುಡುಕುವ ಶ್ರಮವನ್ನು ಬಿಟ್ಟು, ಹೊಲದ ನಡುವೆ ಸಮವಾಗಿ ನಿಂತ, ರೋಗವಿಲ್ಲದ ಭಾಗವನ್ನು ಗುರುತಿಸಿ, ಹೂವಿನ ಬಣ್ಣವೋ ಕಾಂಡದ ರೋಮವೋ ಬೇರೆಯಾಗಿರುವ ಗಿಡಗಳನ್ನು ಕಿತ್ತುಹಾಕಿ, ಉಳಿದುದನ್ನು ಬೀಜಕ್ಕೆ ಇಡಿ. ಹೊಸ ಗುಣ ಬೇಕಿದ್ದರೆ ಹೊಸ ತಳಿಯನ್ನೇ ತರಬೇಕು. ಎರಡು ಮೂರು ತಳಿಗಳನ್ನು ಅಕ್ಕಪಕ್ಕದ ಪಟ್ಟಿಗಳಲ್ಲಿ ಬಿತ್ತಿ, ಪಟ್ಟಿಯ ಒಟ್ಟು ಕಾಳನ್ನು ತೂಗಿ ನೋಡುವುದು ನಿಮ್ಮ ಮಟ್ಟದಲ್ಲಿ ಮಾಡಬಹುದಾದ ಅತ್ಯಂತ ನಂಬಲರ್ಹ ಪರೀಕ್ಷೆ.

ಪ್ರಶ್ನೆ: ಕೃಷಿ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಸೋಯಾ ಅವರೆಯ ಹಲವು ತಳಿಗಳ ಅಂಕಿಅಂಶಗಳನ್ನು ವಿಶ್ಲೇಷಿಸಿದಾಗ ನೂರು ಕಾಳಿನ ತೂಕಕ್ಕೂ ಇಳುವರಿಗೂ ಸಹಸಂಬಂಧ ಬಹಳ ಕಡಿಮೆ ಬಂದಿದೆ. ಆದರೆ ಪಾತ್ ವಿಶ್ಲೇಷಣೆಯಲ್ಲಿ ಅದೇ ಗುಣದ ನೇರ ಪರಿಣಾಮ ದೊಡ್ಡದಾಗಿದೆ. ಯಾವುದನ್ನು ನಂಬಬೇಕು? ಒಟ್ಟು ಜೀವರಾಶಿ ಮತ್ತು ಕೊಯ್ಲು ಸೂಚ್ಯಂಕ ಎರಡನ್ನೂ ಸೇರಿಸಿದಾಗ ಇಳುವರಿಯ ವ್ಯತ್ಯಾಸಕ್ಕೆ ಬಹುತೇಕ ಪೂರ್ಣ ವಿವರಣೆ ಸಿಕ್ಕಿತು. ಇದು ಒಳ್ಳೆಯ ಫಲಿತಾಂಶವೇ? – ವಿದ್ಯಾರ್ಥಿನಿ, ಗೋಣಿಕೊಪ್ಪಲು

ಉತ್ತರ: ನಿಮ್ಮ ಎರಡೂ ಅಂಕಿಗಳು ನಿಜ, ಅವು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ. ಸಹಸಂಬಂಧ ಹೇಳುವುದು ಎರಡು ಗುಣಗಳು ಒಟ್ಟಾಗಿ ಏರಿಳಿಯುತ್ತವೆಯೇ ಎಂಬುದನ್ನಷ್ಟೇ. ಆ ಏರಿಳಿತದಲ್ಲಿ ಎಷ್ಟು ನೇರವಾಗಿ ಬಂದದ್ದು, ಎಷ್ಟು ಇನ್ನೊಂದು ಗುಣದ ಮೂಲಕ ಸುತ್ತಿ ಬಂದದ್ದು ಎಂದು ಬಿಡಿಸಿ ನೋಡುವುದೇ ಪಾತ್ ವಿಶ್ಲೇಷಣೆ. ಆ ವಿಧಾನವನ್ನು ತಳಿವಿಜ್ಞಾನಿ ಸೀವಾಲ್ ರೈಟ್ 1921ರಲ್ಲಿ ವಿವರಿಸಿದರು. ಡ್ಯೂಯಿ ಮತ್ತು ಲೂ 1959ರಲ್ಲಿ ಅದನ್ನು ಹುಲ್ಲಿನ ಬೆಳೆಯೊಂದರ ಬೀಜದ ಇಳುವರಿಗೆ ಅನ್ವಯಿಸಿದ ಮೇಲೆ ತಳಿ ಅಭಿವೃದ್ಧಿಯಲ್ಲಿ ಅದು ರೂಢಿಯಾಯಿತು. ನಿಮ್ಮ ಊರಿನ ಭತ್ತದ ಗದ್ದೆಗಳನ್ನೇ ನೋಡಿ: ಕೆಳಗಿನ ಗದ್ದೆಗೆ ನೀರು ತೋಡಿನಿಂದ ನೇರವಾಗಿಯೂ ಬರುತ್ತದೆ, ಮೇಲಿನ ಗದ್ದೆಯ ಕಟ್ಟೆ ದಾಟಿಯೂ ಬರುತ್ತದೆ, ಕೆಳಗೆ ನಿಂತ ನೀರನ್ನಷ್ಟೇ ಅಳೆದರೆ ಯಾವುದು ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ.

ಲೆಕ್ಕ ಸ್ಪಷ್ಟವಾಗಲೆಂದು ಕೆಲವು ಅಂಕಿಗಳನ್ನು ಊಹಿಸಿಕೊಳ್ಳೋಣ. ನೂರು ಕಾಳಿನ ತೂಕದ ನೇರ ಪರಿಣಾಮ 0.55. ಕಾಯಿಗಳ ಸಂಖ್ಯೆಯ ನೇರ ಪರಿಣಾಮ 0.90. ಇವೆರಡರ ನಡುವಿನ ಸಹಸಂಬಂಧ ಋಣ 0.50, ಅಂದರೆ ಕಾಳು ದಪ್ಪವಾದ ತಳಿಗಳಲ್ಲಿ ಕಾಯಿ ಕಡಿಮೆ. ಆಗ ಕಾಳಿನ ತೂಕವು ಕಾಯಿಯ ಮೂಲಕ ಬೀರುವ ಪರೋಕ್ಷ ಪರಿಣಾಮ ಋಣ 0.45, ಎರಡನ್ನೂ ಕೂಡಿದರೆ ಉಳಿಯುವ ಸಹಸಂಬಂಧ ಕೇವಲ 0.10. ಈ ಗುಣಕ್ಕೆ ಬೆಲೆಯಿಲ್ಲವೆಂದು 0.10ನ್ನು ನೋಡಿ ತೀರ್ಮಾನಿಸಿದರೂ ತಪ್ಪು, 0.55ನ್ನು ನೋಡಿ ದಪ್ಪ ಕಾಳಿನ ತಳಿಗಳನ್ನೇ ಆರಿಸುತ್ತಾ ಹೋದರೂ ತಪ್ಪು. ಕಾಯಿಯ ಸಂಖ್ಯೆ ಕುಸಿಯದಂತೆ ನೋಡಿಕೊಂಡು ಕಾಳಿನ ತೂಕವನ್ನು ಹೆಚ್ಚಿಸಬಲ್ಲ ಜೋಡಣೆ ಸಿಕ್ಕರೆ ಲಾಭವಿದೆ ಎಂಬುದು ಅದರ ಅರ್ಥ.

ಈ ಋಣ ಸಂಬಂಧದ ಕಾರಣ ಗಿಡದಲ್ಲಿಯೇ ಕಾಣುತ್ತದೆ. ಕಾಯಿ ತುಂಬುವ ಹೊತ್ತಿನಲ್ಲಿ ಒಂದು ಗಿಡವನ್ನು ಕಿತ್ತು ಬುಡದಿಂದ ತುದಿಯವರೆಗೆ ಒಂದೊಂದೇ ಗೆಣ್ಣನ್ನು ಬೆರಳಿನಿಂದ ಬಿಡಿಸಿ ನೋಡಿ. ಎಲೆಯ ಕಂಕುಳಲ್ಲಿ ಮೂರು ನಾಲ್ಕು ಕಾಯಿಗಳಿದ್ದರೆ, ಅದೇ ಪುಟ್ಟ ತೊಟ್ಟಿನ ಮೇಲೆ ಉದುರಿಹೋದ ಹೂಗಳ ಸಣ್ಣ ಗುರುತುಗಳು ಅದಕ್ಕಿಂತ ಹೆಚ್ಚಿರುತ್ತವೆ. ಉಗುರಿನಷ್ಟೂ ಬೆಳೆಯದೆ ಒಣಗಿ ನಿಂತ ಎಳೆಗಾಯಿಯೂ ಒಂದೆರಡು ಸಿಗುತ್ತದೆ. ಸೋಯಾ ಅವರೆ ಬಿಟ್ಟ ಹೂಗಳಲ್ಲಿ ಅರ್ಧದಷ್ಟು, ಎಷ್ಟೋ ಸಲ ಅದಕ್ಕಿಂತಲೂ ಹೆಚ್ಚು, ಕಾಯಾಗಿ ಬಲಿಯುವುದೇ ಇಲ್ಲ. ಹೂವಿಗೆ ಕೊರತೆಯಿಲ್ಲ, ಕೊರತೆಯಿರುವುದು ಆ ವಾರಗಳಲ್ಲಿ ಎಲೆಗಳು ಒದಗಿಸಬಲ್ಲ ಆಹಾರಕ್ಕೆ. ಹೆಚ್ಚು ಕಾಯಿ ಉಳಿಸಿಕೊಂಡ ಗಿಡ ಪ್ರತಿ ಕಾಳಿಗೆ ಕಡಿಮೆ ಕೊಡುತ್ತದೆ, ಕಡಿಮೆ ಕಾಯಿ ಉಳಿಸಿಕೊಂಡದ್ದು ಕಾಳನ್ನು ದಪ್ಪ ಮಾಡುತ್ತದೆ. ಆದ್ದರಿಂದಲೇ ಹೂಬಿಟ್ಟ ಮೇಲೆ ಎಲೆ ಎಷ್ಟು ದಿನ ಹಸಿರಾಗಿ ಉಳಿಯುತ್ತದೆ, ಕಾಳು ತುಂಬುವ ಅವಧಿ ಎಷ್ಟು ಎಂಬ ಎರಡು ಗುಣಗಳನ್ನು ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ವಿದ್ಯಾರ್ಥಿಗಳ ಅಧ್ಯಯನಗಳಲ್ಲಿ ಎತ್ತರ, ಕವಲು, ಕಾಯಿ ಇವನ್ನು ಎಣಿಸುವುದು ಸುಲಭವೆಂದು ಅವೇ ತುಂಬಿಕೊಂಡು, ಎಣಿಕೆಗೆ ಸಿಗದ ಇವು ಹೊರಗುಳಿದುಬಿಡುತ್ತವೆ.

ಎರಡನೆಯ ಪ್ರಶ್ನೆಗೆ ನೇರವಾಗಿ ಹೇಳಬೇಕೆಂದರೆ, ಅದು ಫಲಿತಾಂಶವಲ್ಲ, ಗುಣಾಕಾರ. ಕೊಯ್ಲು ಸೂಚ್ಯಂಕವೆಂದರೆ ಇಳುವರಿಯನ್ನು ಒಟ್ಟು ಜೀವರಾಶಿಯಿಂದ, ಅಂದರೆ ಗಿಡದ ಒಟ್ಟು ಒಣ ತೂಕದಿಂದ, ಭಾಗಿಸಿದ್ದು. ಅವೆರಡನ್ನೂ ಒಟ್ಟಿಗೆ ಇಟ್ಟರೆ ಇಳುವರಿಯೇ ಮರಳಿ ಬರುತ್ತದೆ, ವಿವರಣೆಗೆ ಸಿಗದ ಪಾಲು, ಅಂದರೆ ಉಳಿಕೆ ಪರಿಣಾಮ, ಸೊನ್ನೆಯತ್ತ ಇಳಿಯುತ್ತದೆ, ಉಳಿದ ಗುಣಗಳೆಲ್ಲ ಮಂಕಾಗಿ ಕಾಣುತ್ತವೆ. ಇಂತಹ ಕೋಷ್ಟಕದ ಆಧಾರದಲ್ಲಿ ಈ ಎರಡು ಗುಣಗಳನ್ನು ನೋಡಿ ಆಯ್ಕೆ ಮಾಡಿರಿ ಎಂದು ಬರೆದರೆ, ಇಳುವರಿಯನ್ನು ನೋಡಿ ಇಳುವರಿಯನ್ನು ಆರಿಸಿರಿ ಎಂದಷ್ಟೇ ಆಗುತ್ತದೆ. ಅವೆರಡನ್ನೂ ಬಿಟ್ಟು ವಿಶ್ಲೇಷಣೆಯನ್ನು ಮತ್ತೊಮ್ಮೆ ಮಾಡಿ.

ಇದರ ಜೊತೆಗೆ ಅನುವಂಶೀಯತೆಯ, ಅಂದರೆ ಕಂಡ ವ್ಯತ್ಯಾಸದಲ್ಲಿ ವಂಶವಾಹಿಗಳಿಂದ ಬಂದ ಪಾಲಿನ, ಅಂಕಿಯನ್ನೂ ಪಕ್ಕದಲ್ಲಿಡಿ. ಸಾಮಾನ್ಯವಾಗಿ ನೂರು ಕಾಳಿನ ತೂಕ, ಹೂಬಿಡುವ ದಿನ, ಮಾಗುವ ದಿನ ಇವುಗಳ ಅನುವಂಶೀಯತೆ ಹೆಚ್ಚು. ಕಾಯಿಗಳ ಸಂಖ್ಯೆ ಮತ್ತು ಇಳುವರಿಯದ್ದು ಅವಕ್ಕಿಂತ ಕಡಿಮೆ, ಹವಾಮಾನಕ್ಕೆ ಬೇಗ ಬದಲಾಗುವಂಥದ್ದು. ಆದರೆ ಅನುವಂಶೀಯತೆ ಹೆಚ್ಚಿದ್ದ ಮಾತ್ರಕ್ಕೆ ಪ್ರಗತಿ ಹೆಚ್ಚೆಂದು ಭಾವಿಸಬಾರದು. ತಳಿಗಳ ನಡುವೆ ಹೂಬಿಡುವ ದಿನದಲ್ಲಿ ಎರಡು ಮೂರು ದಿನಗಳ ಅಂತರವಷ್ಟೇ ಇದ್ದರೆ, ಅನುವಂಶೀಯತೆ ಎಷ್ಟೇ ಇದ್ದರೂ ಆಯ್ಕೆಯಿಂದ ಸಿಗುವುದು ಅಲ್ಪ. ಆಯ್ಕೆಯಿಂದ ಮುಂದಿನ ಪೀಳಿಗೆಯಲ್ಲಿ ಸಿಗುವ ಹೆಚ್ಚಳವನ್ನು ಅಂದಾಜಿಸಲು ನೀವು ಬಳಸಿರಬಹುದಾದ ಆನುವಂಶಿಕ ಪ್ರಗತಿಯ ಸೂತ್ರ, ಶೇಕಡಾ 5ರ ಆಯ್ಕೆಗೆ 2.06 ಎಂಬ ಸ್ಥಿರಾಂಕದೊಂದಿಗೆ ಬರುವಂಥದ್ದು, ಜಾನ್ಸನ್, ರಾಬಿನ್ಸನ್ ಮತ್ತು ಕಾಮ್‌ಸ್ಟಾಕ್ ಅವರ 1955ರ ಲೇಖನದ ಹೆಸರಿನಲ್ಲಿಯೇ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಆ ಲೇಖನ ಇದೇ ಸೋಯಾ ಅವರೆಯ ಮೇಲಿನದು. ಬೇರೆ ಬೆಳೆಗಳಲ್ಲಿ ಕೆಲಸ ಮಾಡುವವರೂ ಅದನ್ನೇ ಉಲ್ಲೇಖಿಸುತ್ತಾರೆ. ನೀವು ಅದೇ ಬೆಳೆಯವರಾದ್ದರಿಂದ ಮೂಲವನ್ನೇ ಓದಿ.

ಪ್ರಶ್ನೆ: ಎತ್ತರ ಬೆಳೆಯುವ, ತಡವಾಗಿ ಮಾಗುವ ತಳಿಗಳಲ್ಲಿ ಇಳುವರಿ ಹೆಚ್ಚೆಂದು ಕೇಳಿದ್ದೇನೆ. ನಮ್ಮಲ್ಲಿ ಹಾಗೆ ಎತ್ತರ ಬೆಳೆದ ಬೆಳೆ ಆಗಸ್ಟ್ ಮಳೆಗೆ ಮಲಗಿತು. ಬೇಗ ಮಾಗಿದ್ದು ನಿಂತಲ್ಲೇ ಕಾಯಿ ಕಪ್ಪಾಯಿತು. ನಮ್ಮ ಕಡೆಗೆ ಎಂತಹ ಗಿಡ ಹೊಂದುತ್ತದೆ? – ಕೃಷಿಕರು, ಹೆಬ್ಬಾಲೆ

ಉತ್ತರ: ಎತ್ತರಕ್ಕೆ ಬೆಲೆ ಬರುವುದು ಅದರೊಂದಿಗೆ ಗೆಣ್ಣುಗಳೂ ಹೆಚ್ಚಾದಾಗ ಮಾತ್ರ, ಏಕೆಂದರೆ ಕಾಯಿ ಕಚ್ಚುವುದು ಗೆಣ್ಣಿನಲ್ಲಿ. ಬಿಸಿಲು ಚೆನ್ನಾಗಿರುವ ಕಡೆ ಎತ್ತರದ ಗಿಡವೆಂದರೆ ಸಾಮಾನ್ಯವಾಗಿ ಗೆಣ್ಣು ಹೆಚ್ಚಿರುವ ಗಿಡ. ಕೊಡಗಿನಲ್ಲಿ ಜುಲೈ, ಆಗಸ್ಟ್ ತಿಂಗಳುಗಳ ಮೋಡದಲ್ಲಿ ಗಿಡ ಬೆಳಕಿಗಾಗಿ ಹಾತೊರೆದು, ಗೆಣ್ಣು ಗೆಣ್ಣುಗಳ ನಡುವಿನ ಕಾಂಡವನ್ನಷ್ಟೇ ಉದ್ದ ಮಾಡಿಕೊಳ್ಳುತ್ತದೆ. ಅದು ಮಲಗುವುದಕ್ಕೆ ದಾರಿಯೇ ಹೊರತು ಕಾಯಿಗಲ್ಲ. ಆದ್ದರಿಂದ ತಳಿಗಳನ್ನು ಹೋಲಿಸುವಾಗ ಎತ್ತರವನ್ನು ಅಳೆಯುವ ಬದಲು ಮುಖ್ಯ ಕಾಂಡದ ಗೆಣ್ಣುಗಳನ್ನು ಎಣಿಸಿ, ಕೊಯ್ಲಿನ ದಿನ ಎಷ್ಟು ಗಿಡ ನೆಟ್ಟಗೆ ನಿಂತಿವೆ ಎಂದು ಗುರುತು ಹಾಕಿಕೊಳ್ಳಿ. ತುದಿಯಲ್ಲಿ ಹೂಗೊಂಚಲು ಬಂದೊಡನೆ ಬೆಳವಣಿಗೆ ನಿಲ್ಲಿಸುವ ಗಿಡಗಳು, ಹೂಬಿಟ್ಟ ಮೇಲೂ ಬೆಳೆಯುತ್ತಾ ಹೋಗುವ ಗಿಡಗಳು ಎಂದು ಈ ಬೆಳೆಯಲ್ಲಿ ಎರಡು ಮುಖ್ಯ ಬಗೆಗಳಿವೆ; ಮಳೆ ಹೆಚ್ಚಿರುವಲ್ಲಿ ಮೊದಲನೆಯ ಬಗೆ ಮಲಗುವ ಸಂಭವ ಕಡಿಮೆ.

ಅವಧಿಯ ಪ್ರಶ್ನೆಯಲ್ಲಿ ಹಗಲಿನ ಉದ್ದವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸೋಯಾ ಅವರೆ ಹಗಲು ಚಿಕ್ಕದಾದಷ್ಟೂ ಬೇಗ ಹೂಬಿಡುವ ಸಸ್ಯ. ಇಂದೋರಿನಲ್ಲಿ ಜೂನ್ ಕೊನೆಯ ವಾರದ ಹಗಲು ಸುಮಾರು ಹದಿಮೂರೂವರೆ ಗಂಟೆ; ಕೊಡಗಿನಲ್ಲಿ ಅದು ಹದಿಮೂರು ಗಂಟೆಗೂ ಸ್ವಲ್ಪ ಕಡಿಮೆ. ಹೀಗಾಗಿ ಮಧ್ಯಪ್ರದೇಶದಲ್ಲಿ ಪರೀಕ್ಷಿಸಿದ ತಳಿ ಇಲ್ಲಿ ಇನ್ನೂ ಬೇಗ ಹೂಬಿಡಬಹುದು, ಹಾಗಾದರೆ ಗೆಣ್ಣುಗಳೂ ಕಡಿಮೆಯಾಗುತ್ತವೆ. ಅಲ್ಲಿನ ಕೋಷ್ಟಕದಲ್ಲಿ ಬರೆದ ದಿನಗಳನ್ನು ಇಲ್ಲಿಗೆ ಹಾಗೆಯೇ ತರುವಂತಿಲ್ಲ.

ಜೂನ್ ಮೊದಲ ವಾರ ಬಿತ್ತಿದ 85–90 ದಿನಗಳ ತಳಿ ಸೆಪ್ಟೆಂಬರ್ ಆರಂಭದಲ್ಲಿ, ಕೈಲ್ ಪೊಳ್ದ್ ಹಬ್ಬದ ಆಸುಪಾಸಿಗೆ ಮಾಗುತ್ತದೆ. ಆಗಿನ್ನೂ ಮಳೆ ಬಿಟ್ಟಿರುವುದಿಲ್ಲ. ಮಾಗಿದ ಕಾಯಿ ಒದ್ದೆಯಾಗಿ, ಒಣಗಿ, ಮತ್ತೆ ಒದ್ದೆಯಾದರೆ ಶಿಲೀಂಧ್ರ ಹತ್ತಿ ಕಪ್ಪಾಗುತ್ತದೆ, ಕಾಳು ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ. ನಿಮ್ಮಲ್ಲಿ ಆದದ್ದು ಇದೇ. ಇಳುವರಿಯ ಸಹಸಂಬಂಧ ಏನೇ ಹೇಳಲಿ, ನಿಮ್ಮ ಹೊಲಕ್ಕೆ ಮಾಗುವ ದಿನವನ್ನು ನಿರ್ಧರಿಸಬೇಕಾದದ್ದು ಮಳೆ ಬಿಡುವು ಕೊಡುವ ಹೊತ್ತು. ಬಿತ್ತನೆಯನ್ನು ಒಂದೆರಡು ವಾರ ಮುಂದೂಡುವುದೋ, ಮಧ್ಯಮಾವಧಿಯ ತಳಿ ಹಾಕುವುದೋ ಮಾಡಿ ಮಾಗುವಿಕೆಯನ್ನು ಸೆಪ್ಟೆಂಬರ್ ಕೊನೆಯತ್ತ ತಳ್ಳುವುದು ಒಳ್ಳೆಯದು. ಅದಕ್ಕೂ ತಡವಾದರೆ ಹಿಂಗಾರು ಮಳೆಯ ಭಯವಿದೆ.

ಇನ್ನು ತುಕ್ಕು ರೋಗ. ತಂಪು ಹವೆ, ಗಂಟೆಗಟ್ಟಲೆ ಒದ್ದೆಯಾಗಿರುವ ಎಲೆ ಇದ್ದಲ್ಲಿ ಅದು ವೇಗವಾಗಿ ಹರಡಿ, ಕಾಳು ತುಂಬುವ ಮೊದಲೇ ಎಲೆ ಉದುರಿಸುತ್ತದೆ. ಕಾಯಿಯ ಸಂಖ್ಯೆ ಹಾಗೆಯೇ ಇದ್ದರೂ ಕಾಳು ಸೊರಗುತ್ತದೆ. ತುಕ್ಕು ರೋಗದ ಹಾವಳಿ ಕಂಡ ಬೆಳಗಾವಿ, ಧಾರವಾಡ ಸೀಮೆಗಾಗಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ರೋಗ ನಿರೋಧಕ ತಳಿ ಡಿಎಸ್‌ಬಿ 21. ತಳಿಗಳನ್ನು ಹೋಲಿಸಲು ಬಿತ್ತುವ ಪಟ್ಟಿಗಳಲ್ಲಿ ಅದಕ್ಕೊಂದು ಸಾಲು ಇರಲಿ. ಸೋಯಾ ಅವರೆ ಹಿಂದೆಂದೂ ಬೆಳೆಯದ ಹೊಲವಾದರೆ ಬೀಜಕ್ಕೆ ಈ ಬೆಳೆಯದೇ ರೈಜೋಬಿಯಂ ಬ್ಯಾಕ್ಟೀರಿಯಾವನ್ನು ಹಚ್ಚದೆ ಯಾವ ತಳಿಯನ್ನೂ ಅಳೆಯಬೇಡಿ. ಬೇರಿನಲ್ಲಿ ಗಂಟು ಕಟ್ಟದ ಬೆಳೆ ಸಾರಜನಕಕ್ಕೆ ಹಸಿದಿರುತ್ತದೆ, ಒಳ್ಳೆಯ ತಳಿಯೂ ಅಲ್ಲಿ ಸಾಧಾರಣವಾಗಿ ಕಾಣುತ್ತದೆ.

ಪ್ರಶ್ನೆ: ಹೊಸದಾಗಿ ನೆಟ್ಟ ಕಾಫಿ ಗಿಡಗಳ ನಡುವೆ ಸೋಯಾ ಅವರೆ ಬೆಳೆಯಬಹುದೇ? ಹೆಚ್ಚು ಕವಲಿರುವ ತಳಿ ಒಳ್ಳೆಯದೇ? – ಬೆಳೆಗಾರರು, ಸಿದ್ದಾಪುರ

ಉತ್ತರ: ಮರದ ನೆರಳು ದಟ್ಟವಾಗಿದ್ದರೆ ಬೇಡ. ನೆರಳಿನಲ್ಲಿ ಕವಲೊಡೆಯುವ ಗುಣ ಹೊರಬರುವುದೇ ಇಲ್ಲ. ಗಿಡ ಬಳ್ಳಿಯಂತೆ ಎಳೆದುಕೊಂಡು ಹೋಗಿ ಹೂ ಉದುರಿಸುತ್ತದೆ. ನೆರಳು ಮರಗಳು ಇನ್ನೂ ಬೆಳೆಯದ, ಬಿಸಿಲು ನೆಲ ಮುಟ್ಟುವ ಒಂದೆರಡು ವರ್ಷ ಮಾತ್ರ, ನೀರು ನಿಲ್ಲದ ಇಳಿಜಾರಿನಲ್ಲಿ, ಗಿಡ್ಡನೆಯ ತಳಿಯೊಂದನ್ನು ಕಾಫಿ ಬುಡದಿಂದ ದೂರವಿಟ್ಟು ಬಿತ್ತಬಹುದು.

ಪ್ರಶ್ನೆ: ಕೆಲವು ಕಾಯಿಗಳಲ್ಲಿ ನಾಲ್ಕು ಕಾಳುಗಳಿರುತ್ತವೆ. ಅವನ್ನೇ ಆರಿಸಿ ಬೆಳೆಸಿದರೆ ಇಳುವರಿ ಹೆಚ್ಚುವುದಿಲ್ಲವೇ? – ಪ್ರೌಢಶಾಲಾ ಶಿಕ್ಷಕರು, ಸೋಮವಾರಪೇಟೆ

ಉತ್ತರ: ಮೊದಲನೆಯ ಉತ್ತರದಲ್ಲಿ ಹೇಳಿದಂತೆ, ಒಂದೇ ಶುದ್ಧ ತಳಿಯ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಕಾಣುವ ನಾಲ್ಕು ಕಾಳಿನ ಕಾಯಿಯನ್ನು ಆರಿಸಿದರೆ ಪ್ರಯೋಜನವಿಲ್ಲ. ಆದರೆ ಈ ಗುಣ ಅನುವಂಶಿಕವಾಗಿರುವ ತಳಿಗಳೂ ಉಂಟು. ಅವುಗಳನ್ನು ಗುರುತಿಸಲು ಕಾಯಿ ಬಿಡುವವರೆಗೆ ಕಾಯಬೇಕಿಲ್ಲ, ಎಲೆ ನೋಡಿದರೆ ಸಾಕು. ಸೋಯಾ ಅವರೆಯಲ್ಲಿ ಎಲೆದಳದ ಅಗಲವನ್ನು ನಿಯಂತ್ರಿಸುವ ಒಂದು ವಂಶವಾಹಿಯೇ ಕಾಯಿಯೊಳಗಿನ ಕಾಳುಗಳ ಸಂಖ್ಯೆಯನ್ನೂ ಪ್ರಭಾವಿಸುತ್ತದೆ. ಆ ವಂಶವಾಹಿಯ ಒಂದು ರೂಪವಿರುವ ಗಿಡಗಳಲ್ಲಿ ಎಲೆದಳ ಅಂಡಾಕಾರವಾಗಿ ಅಗಲವಾಗಿದ್ದು ಕಾಯಿಗೆ ಎರಡು ಮೂರು ಕಾಳು ಬರುತ್ತವೆ; ಇನ್ನೊಂದು ರೂಪವಿರುವವುಗಳಲ್ಲಿ ಎಲೆದಳ ಕಿರಿದಾಗಿ ಉದ್ದವಾಗಿದ್ದು ನಾಲ್ಕು ಕಾಳಿನ ಕಾಯಿಗಳು ಹೆಚ್ಚಿರುತ್ತವೆ. ತಳಿ ಅಭಿವೃದ್ಧಿ ಮಾಡುವವರಿಗೆ ಇದು ದೊಡ್ಡ ಅನುಕೂಲ, ಸಸಿಯ ಹಂತದಲ್ಲಿಯೇ ಆರಿಸಿಬಿಡಬಹುದು.

ಇಷ್ಟಾದರೂ ಕಿರಿದೆಲೆಯ ತಳಿಗಳು ಎಲ್ಲೆಡೆ ಅಗಲ ಎಲೆಯವುಗಳನ್ನು ಹಿಂದಿಕ್ಕಿಲ್ಲ. ಕಾಯಿಗೆ ಕಾಳು ಹೆಚ್ಚಾದರೆ ಕಾಳಿನ ಗಾತ್ರವೋ ಕಾಯಿಗಳ ಸಂಖ್ಯೆಯೋ ಇಳಿದು ಲೆಕ್ಕ ಸರಿಹೋಗುವುದೇ ಹೆಚ್ಚು. ಶಾಲೆಯ ಅಂಗಳದಲ್ಲಿ ಜಾಗವಿದ್ದರೆ ಎರಡೂ ಬಗೆಯ ಎಲೆಯ ತಳಿಗಳನ್ನು ಮಕ್ಕಳಿಂದ ಒಂದೊಂದು ಸಾಲು ಬಿತ್ತಿಸಿ, ಸಾಲಿನ ಎರಡೂ ತುದಿಯ ಗಿಡಗಳನ್ನು ಬಿಟ್ಟು ನಡುವಿನ ಹತ್ತು ಹತ್ತು ಗಿಡಗಳ ಕಾಯಿ ಎಣಿಸಿ, ಕಾಳು ಬಿಡಿಸಿ ತೂಗಿಸಿ.